ಟೋಕಿಯೊದಲ್ಲಿ ಒಬ್ಬಳೇ ಕೂತು ಊಟ ಮಾಡಲು ಎಂಥ ಹೋಟೆಲು ಸರಿ? (ನಿಶಿ-ಕಸಾಯಿ ಹತ್ತಿರ)

ಬದಿಯಡ್ಕದವಳು

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ಆಫೀಸಿನ ಕೆಲಸದ ಮೇಲೆ ಟೋಕಿಯೊಗೆ ಹೋಗುತ್ತಿದ್ದೇನೆ, ಆರು ತಿಂಗಳಿಗೆ. ನಿಶಿ-ಕಸಾಯಿ ಅನ್ನುವ ಕಡೆ ಒಂದು ಸಣ್ಣ ಕೋಣೆ ಕೊಟ್ಟಿದ್ದಾರೆ. ಒಂದೇ ಒಲೆ, ಅದೂ ಕರೆಂಟಿನದ್ದು. ದಿನಾ ಕೆಲಸ ಮುಗಿಸಿ ಬಂದು ಅಡುಗೆ ಮಾಡುವುದು ಆಗಲಿಕ್ಕಿಲ್ಲ. ಮೀನು, ಮೊಟ್ಟೆ, ಕೋಳಿ ತಿನ್ನುತ್ತೇನೆ. ದನ, ಹಂದಿ ಬೇಡ.

ಅಲ್ಲಿ ಇಂಡಿಯನ್ ಹೋಟೆಲು ಬೇಕಾದಷ್ಟು ಉಂಟು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದಲ್ಲ ಬೇಕಾದದ್ದು. ಆ ಊರಿನವರು ದಿನಾ ಏನು ತಿನ್ನುತ್ತಾರೋ ಅದನ್ನೇ ತಿನ್ನಬೇಕು. ದೊಡ್ಡ ಹೋಟೆಲಲ್ಲ, ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಇರುವಂಥದ್ದು.

ಒಬ್ಬಳೇ ಹೋಟೆಲಿಗೆ ಹೋಗಲು ನನಗೆ ಈಗಲೂ ಹಿಂಜರಿಕೆ. ಕಾಲೇಜಿನ ದಿನಗಳಲ್ಲಿ ಒಮ್ಮೆ ಕಾಸರಗೋಡಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಹಸಿವು ತಡೆಯಲಾಗದೆ ಒಂದು ಹೋಟೆಲಿಗೆ ಹೋದೆ. ಹೊರಗೆ ಮೂರು ಮೇಜು ಖಾಲಿ ಇತ್ತು. ಸಪ್ಲೈಯರ್ ಬಂದು, ಇಲ್ಲಿ ಬೇಡ, ಫ್ಯಾಮಿಲಿ ರೂಮಿಗೆ ಹೋಗಿ ಅಂದ. ಒಳಗೆ ಪರದೆ, ಕತ್ತಲೆ, ಫ್ಯಾನು ತಿರುಗುವುದಿಲ್ಲ. ಊಟ ಬರಲು ಅರ್ಧ ಗಂಟೆ. ಎರಡನೇ ಸಲ ಅನ್ನ ಬೇಕಿದ್ದರೆ ಪರದೆಯ ಒಳಗಿಂದ ಕೂಗಬೇಕು. ನಾನು ಕೂಗಲಿಲ್ಲ. ಅರ್ಧ ಹೊಟ್ಟೆಯಲ್ಲಿ ಎದ್ದು ಬಂದೆ. ಆಮೇಲೆ ಒಬ್ಬಳೇ ಇದ್ದರೆ ಪಾರ್ಸೆಲ್ ಮಾತ್ರ.

ಜಪಾನಿನಲ್ಲಿ ಒಬ್ಬರೇ ತಿನ್ನುವುದು ಮಾಮೂಲು ಅಂತ ಕೇಳಿದ್ದೇನೆ. ಹೌದಾ? ಮೊದಲು ಎಂಥ ಅಂಗಡಿಗೆ ಹೋಗಲಿ? ಅಲ್ಲಿದ್ದವರು ಯಾರಾದರೂ ಹೇಳಿ.

ಕುಂಬಳೆ ಟು ಕವಾಸಾಕಿ

ನಾಲ್ಕು ವರ್ಷ ಅಲ್ಲಿದ್ದೆ. ಹೆದರಬೇಡ ತಂಗಿ. ಬಾಗಿಲು ತೆರೆದ ಕೂಡಲೇ "ನಾನ್ ಮೇಯ್ ಸಮಾ" ಅಂತ ಕೇಳುತ್ತಾರೆ, ಎಷ್ಟು ಜನ ಅಂತ. ಒಂದು ಬೆರಳು ತೋರಿಸು, "ಹಿತೋರಿ" ಅನ್ನು. ಅಷ್ಟೇ. ಜೊತೆಗೆ ಯಾರೂ ಇಲ್ವಾ ಅಂತ ಯಾರೂ ಕೇಳುವುದಿಲ್ಲ. ಕೌಂಟರ್ ಕಡೆ ಕೈ ತೋರಿಸುತ್ತಾರೆ. ಕೌಂಟರ್ ಅಂದರೆ ನಮ್ಮಲ್ಲಿ ಕ್ಯಾಶ್ ಕೊಡುವ ಜಾಗ, ಅಲ್ಲಿ ಹಾಗಲ್ಲ. ಅಡುಗೆಯವರ ಎದುರು ಉದ್ದಕ್ಕೆ ಹಾಕಿದ ಹಲಗೆ, ಅದರ ಮುಂದೆ ಸಾಲಾಗಿ ಸ್ಟೂಲು. ಬಂದವರಲ್ಲಿ ಅರ್ಧಕ್ಕರ್ಧ ಒಬ್ಬೊಬ್ಬರೇ ಇರುತ್ತಾರೆ.

ನೀನು ಮೊದಲು ಕಲಿಯಬೇಕಾದ ಶಬ್ದ "ತೇಶೊಕು". ಅದು ನಮ್ಮ ಊಟವೇ ಮಾರಾಯ್ತಿ. ಒಂದು ಟ್ರೇಯಲ್ಲಿ ಅನ್ನ, ಮಿಸೊ ಸಾರು, ಚೂರು ಉಪ್ಪಿನಕಾಯಿ, ಮಧ್ಯದಲ್ಲಿ ಸುಟ್ಟ ಮೀನೋ ಕರಿದ ಕೋಳಿಯೋ. ಯಾಯೊಯಿಕೆನ್, ಓತೊಯಾ ಅಂತ ಎರಡು ಚೈನ್ ಉಂಟು, ಹೋದಲ್ಲೆಲ್ಲ ಸಿಗುತ್ತವೆ. ಚಿತ್ರ ನೋಡಿ ಆರ್ಡರ್ ಮಾಡಬಹುದು. ಅಲ್ಲಿಂದ ಶುರು ಮಾಡು.

ಮತ್ತೆ ಗ್ಯೂದೊನ್ ಅಂಗಡಿಗಳು, ಯೊಶಿನೊಯಾ, ಸುಕಿಯಾ, ಮತ್ಸುಯಾ. ಒಬ್ಬರೇ ತಿನ್ನುವವರಿಗೆ ಅಂತಲೇ ಹುಟ್ಟಿದ ಹಾಗಿವೆ. ಆದರೆ ಮುಖ್ಯ ತಿಂಡಿ ಅನ್ನದ ಮೇಲೆ ದನದ ಮಾಂಸ, ನಿನಗೆ ಆಗುವುದಿಲ್ಲ. ಬೆಳಗ್ಗೆ ಹೋದರೆ ಸುಟ್ಟ ಸಾಲ್ಮನ್, ಮೊಟ್ಟೆ, ಅನ್ನದ ಸೆಟ್ ಸಿಗುತ್ತದೆ. ಅದನ್ನು ಬಿಡಬೇಡ.

ಹಣದ ವಿಷಯ: ಬಹಳ ಅಂಗಡಿಗಳಲ್ಲಿ ಬಾಗಿಲಲ್ಲೇ ಒಂದು ಟಿಕೆಟ್ ಮೆಷಿನ್ ಇರುತ್ತದೆ. ಹಣ ಹಾಕಿ, ಬಟನ್ ಒತ್ತಿ, ಚೀಟಿ ತೆಗೆದು ಕೊಡುವುದು. ಮಾತೇ ಬೇಡ. ಹಳೆಯ ಮೆಷಿನಿನಲ್ಲಿ 1000 ಯೆನ್ ನೋಟು, ನಾಣ್ಯ ಮಾತ್ರ ಹೋಗುತ್ತದೆ. 2024ರ ಜುಲೈಯಲ್ಲಿ ಹೊಸ ನೋಟು ಬಂದಾಗ ಎಷ್ಟೋ ಸಣ್ಣ ಅಂಗಡಿಯ ಮೆಷಿನ್ ಅದನ್ನು ತೆಗೆದುಕೊಳ್ಳದೆ ಗೊಂದಲ ಆಗಿತ್ತು. ಹಾಗಾಗಿ ಚಿಲ್ಲರೆ ಇಟ್ಟುಕೋ. ಏನು ಒತ್ತಬೇಕು ಅಂತ ಗೊತ್ತಾಗದಿದ್ದರೆ ಮೇಲೆ ಎಡಗಡೆಯ ಮೊದಲ ಬಟನ್ ನೋಡು, ಆ ಅಂಗಡಿಯ ಮುಖ್ಯ ತಿಂಡಿ ಸಾಮಾನ್ಯವಾಗಿ ಅದೇ.

ಕಡಲಕರೆ ಮಂಜೇಶ್ವರ

ಬಂಗುಡೆ ಸಿಗುತ್ತದಾ ಅಲ್ಲಿ?

ಕುಂಬಳೆ ಟು ಕವಾಸಾಕಿ

@ಕಡಲಕರೆ ನಮ್ಮದೇ ಬಂಗುಡೆ ಅಲ್ಲ, ಅದರ ದಾಯಾದಿ. "ಸಾಬಾ" ಅಂತಾರೆ. ಸ್ವಲ್ಪ ದೊಡ್ಡದು, ಎಣ್ಣೆ ಜಾಸ್ತಿ. ಉಪ್ಪು ಹಾಕಿ ಸುಟ್ಟು ಕೊಡುತ್ತಾರೆ, ಮೆಣಸು ಗಿಣಸು ಇಲ್ಲ. ಬೂತಾಯಿಯ ಹಾಗಿನದ್ದಕ್ಕೆ "ಇವಾಶಿ".

ಕಡಲಕರೆ ಮಂಜೇಶ್ವರ

ಮೆಣಸಿಲ್ಲದೆ ಬಂಗುಡೆ ಹೇಗೆ ಮಾರಾಯ್ರೇ?

ಕುಂಬಳೆ ಟು ಕವಾಸಾಕಿ

ತಾಜಾ ಇದ್ದರೆ ಉಪ್ಪೇ ಸಾಕು. ಒಮ್ಮೆ ತಿಂದು ನೋಡಿ, ಆಮೇಲೆ ಮಾತಾಡೋಣ.

ನೀರ್ಚಾಲು ಮಾಸ್ಟ್ರು

ಮಗಳೇ, ರಜೆಯ ದಿನ ಗಿಂಜಾ ಕಡೆ ಹೋದರೆ ನಾಯರ್ಸ್ ರೆಸ್ಟೋರೆಂಟಿಗೆ ಹೋಗಿ ಬಾ. ಇಂಡಿಯನ್ ಹೋಟೆಲು ಬೇಡ ಅಂದಿದ್ದೀ, ಆದರೂ ಹೇಳುತ್ತೇನೆ. ಎ. ಎಂ. ನಾಯರ್ ಅನ್ನುವವರು ಕೇರಳದ ನೆಯ್ಯಾಟ್ಟಿನ್ಕರದ ಕಡೆಯವರು. ಓದಲು ಜಪಾನಿಗೆ ಹೋಗಿ, ರಾಸ್‌ಬಿಹಾರಿ ಬೋಸರ ಜೊತೆ ಸ್ವಾತಂತ್ರ್ಯದ ಕೆಲಸ ಮಾಡಿದವರು. 1949ರಲ್ಲಿ ಆ ಹೋಟೆಲು ತೆರೆದರು. ಮುರುಗಿ ಲಂಚ್ ಅಂತ ಕೋಳಿ, ಆಲೂಗಡ್ಡೆ, ಎಲೆಕೋಸು, ಅನ್ನ ಒಂದೇ ತಟ್ಟೆಯಲ್ಲಿ. ಎಲ್ಲ ಕಲಸಿ ತಿನ್ನಿ ಅಂತ ಅವರೇ ಹೇಳುತ್ತಾರಂತೆ. ಬೋಸರದ್ದು ಇನ್ನೂ ಹಳೆಯದು. ಶಿಂಜುಕುವಿನ ನಕಾಮುರಾಯಾದಲ್ಲಿ 1927ರಿಂದ ಅವರು ಕಲಿಸಿದ ಕೋಳಿ ಕರಿ ಸಿಗುತ್ತಿದೆ. ಬೋಸರನ್ನು ಪೊಲೀಸರಿಂದ ಅಡಗಿಸಿಟ್ಟ ಮನೆಯವರದ್ದೇ ಆ ಅಂಗಡಿ. ಆ ಮನೆಯ ಮಗಳನ್ನೇ ಬೋಸರು ಮದುವೆ ಆದದ್ದು.

ನಲವತ್ತು ವರ್ಷ ಮಕ್ಕಳಿಗೆ ಚರಿತ್ರೆ ಕಲಿಸಿದವ ನಾನು. ಪುಸ್ತಕದಲ್ಲಿ ಓದಿದವರ ಕೈರುಚಿ ಇನ್ನೂ ಸಿಗುವ ಊರಿಗೆ ನೀನು ಹೋಗುತ್ತಿದ್ದೀ ಅಂತ ಕೇಳಿ ನನಗೆ ಬಹಳ ಖುಷಿ ಆಯಿತು.

ಬದಿಯಡ್ಕದವಳು

ಮಾಸ್ಟ್ರೇ, ಖಂಡಿತ ಹೋಗುತ್ತೇನೆ. ಬರೆದಿಟ್ಟುಕೊಂಡೆ.

ವಿದ್ಯಾನಗರದ ಹುಡುಗ

ಹೆದರಿಕೆ ಇರುವವರಿಗೆ ಇಚಿರಾನ್ ಬೆಸ್ಟ್. ಫುಕುಒಕಾದ ರಾಮೆನ್ (ಸಾರಿನಲ್ಲಿ ಹಾಕಿದ ನೂಡಲ್ಸ್) ಅಂಗಡಿ, ಟೋಕಿಯೊದಲ್ಲೂ ಬಹಳ ಉಂಟು. ಪ್ರತಿ ಸೀಟಿಗೆ ಎರಡೂ ಕಡೆ ಹಲಗೆಯ ಅಡ್ಡ. ಎದುರು ಸಣ್ಣ ಪರದೆ. ಒಂದು ಕಾಗದದಲ್ಲಿ ಸಾರು ಗಟ್ಟಿಯಾ ತೆಳುವಾ, ಬೆಳ್ಳುಳ್ಳಿ ಎಷ್ಟು, ಖಾರ ಎಷ್ಟು ಅಂತ ಗುರುತು ಹಾಕಿ ಕೊಡುವುದು. ಪರದೆಯ ಅಡಿಯಿಂದ ಎರಡು ಕೈ ಬಂದು ಬೋಗುಣಿ ಇಟ್ಟು ಹೋಗುತ್ತದೆ. ಪರದೆ ಇಳಿಯುತ್ತದೆ. ಯಾರ ಮುಖವೂ ನೋಡಬೇಕಾಗಿಲ್ಲ.

ಮುಳ್ಳೇರಿಯ ಅಕ್ಕ

ಅವಳು ಹಂದಿ ಬೇಡ ಅಂದಿದ್ದಾಳೆ ತಮ್ಮಾ. ಇಚಿರಾನಿನ ಸಾರು ಹಂದಿಯ ಎಲುಬಿನದ್ದು.

ವಿದ್ಯಾನಗರದ ಹುಡುಗ

ಓ, ಸರಿ ಅಕ್ಕ. ಅದನ್ನು ಗಮನಿಸಲಿಲ್ಲ. ಆದರೆ ಆ ತರದ ಸೀಟು ಇರುವ ಬೇರೆ ಅಂಗಡಿ ಹುಡುಕಬಹುದು ಅಲ್ವಾ?

ಬದಿಯಡ್ಕದವಳು

ನನಗೆ ಒಂದು ಸಂಶಯ. ಎರಡೂ ಕಡೆ ಅಡ್ಡ, ಎದುರು ಪರದೆ. ಇದು ನಮ್ಮ ಫ್ಯಾಮಿಲಿ ರೂಮೇ ಅಲ್ವಾ? ನಾನು ಅದರಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದೇನೆ, ಪುನಃ ಪರದೆಯ ಹಿಂದೆ ಹೋಗಿ ಕೂರಲು ಮನಸ್ಸಿಲ್ಲ.

ವಿದ್ಯಾನಗರದ ಹುಡುಗ

ಅದು ಬೇರೆ ಇದು ಬೇರೆ. ಅಲ್ಲಿ ಗಂಡಸರೂ ಅದರ ಒಳಗೇ ಕೂರುತ್ತಾರೆ. ರುಚಿಯ ಮೇಲೆ ಗಮನ ಇರಲಿ ಅಂತ ಮಾಡಿದ್ದು ಅಂತ ಅಂಗಡಿಯವರೇ ಹೇಳುತ್ತಾರೆ.

ಮುಳ್ಳೇರಿಯ ಅಕ್ಕ

ಈ ಹುಡುಗಿ ಕೇಳಿದ್ದು ಸರಿ ಉಂಟು. ನಾನು ಗಂಡನ ಕೆಲಸದಿಂದಾಗಿ ಎರಡು ವರ್ಷ ನಗೊಯಾದಲ್ಲಿದ್ದೆ. ಅವರು ಬೆಳಗ್ಗೆ ಹೋದರೆ ರಾತ್ರಿ ಹತ್ತಕ್ಕೆ ಬರುವುದು. ಮಧ್ಯಾಹ್ನ ನಾನೊಬ್ಬಳೇ. ಮೊದಲ ಎರಡು ತಿಂಗಳು ಮನೆಯಲ್ಲೇ ಮೊಸರನ್ನ ತಿಂದು ಮಲಗುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಮೂಲೆಯ ಉದೊನ್ ಅಂಗಡಿಗೆ ಹೋದೆ. ಕೌಂಟರಿನಲ್ಲಿ ನನ್ನ ಎಡಗಡೆ ಒಬ್ಬಳು ಅಜ್ಜಿ, ಬಲಗಡೆ ಹೆಲ್ಮೆಟ್ ಪಕ್ಕದಲ್ಲಿಟ್ಟುಕೊಂಡ ಒಬ್ಬ ಕೆಲಸದವ. ಮೂವರೂ ಸುರ್ ಸುರ್ ಅಂತ ಎಳೆದುಕೊಂಡು ತಿಂದೆವು. ಅಲ್ಲಿ ನೂಡಲ್ಸ್ ಶಬ್ದ ಮಾಡಿಕೊಂಡು ತಿಂದರೆ ತಪ್ಪಿಲ್ಲ. ಯಾರೂ ಯಾರನ್ನೂ ಮಾತಾಡಿಸಲಿಲ್ಲ. ಆದರೆ ಎಲ್ಲರಿಗೂ ಎಲ್ಲರೂ ಕಾಣುತ್ತಿದ್ದರು. ಅದು ನನಗೆ ಬಹಳ ಹಿತ ಅನಿಸಿತು. ಪರದೆ ಇದ್ದಿದ್ದರೆ ಆ ಹಿತ ಸಿಗುತ್ತಿರಲಿಲ್ಲ.

ಪರದೆ ಕೆಟ್ಟದ್ದು ಅಂತಲ್ಲ. ಬೇಕಾದವರು ತಾವಾಗಿ ಹೋಗಿ ಕೂತರೆ ಅದು ನೆಮ್ಮದಿ. ನೀನು ಅಲ್ಲೇ ಕೂರು ಅಂತ ಇನ್ನೊಬ್ಬರು ಕಳಿಸಿದರೆ ಅದು ಫ್ಯಾಮಿಲಿ ರೂಮು.

ಸೀತಾಂಗೋಳಿ ಸುಬ್ಬಣ್ಣ

ನೀವೆಲ್ಲ ಇದನ್ನು ದೊಡ್ಡ ಸಂಸ್ಕೃತಿ ಅಂತ ಮಾತಾಡುತ್ತೀರಿ. ನಾನು ಇಪ್ಪತ್ತು ವರ್ಷ ಹೋಟೆಲು ನಡೆಸಿದವ. ಅದು ಬಾಡಿಗೆಯ ಲೆಕ್ಕ. ಟೋಕಿಯೊದಲ್ಲಿ ಜಾಗ ಇಷ್ಟೇ ಇಷ್ಟು. ನಾಲ್ಕು ಜನರ ಮೇಜಿಗೆ ಒಬ್ಬ ಬಂದು ಕೂತರೆ ಮೂರು ಸೀಟು ಹಾಳು. ಕೌಂಟರಿನಲ್ಲಿ ಒಬ್ಬನಿಗೆ ಒಂದೇ ಸ್ಟೂಲು, ಏನೂ ಹಾಳಿಲ್ಲ. ಎಂಟು ಸ್ಟೂಲಿನ ಅಂಗಡಿಯನ್ನು ಒಬ್ಬನೇ ನಡೆಸಬಹುದು, ಸಪ್ಲೈಯರ್ ಬೇಡ, ಕೈ ಚಾಚಿದರೆ ಗಿರಾಕಿಗೆ ಬೋಗುಣಿ ಸಿಗುತ್ತದೆ. ಟಿಕೆಟ್ ಮೆಷಿನ್ ಇದ್ದರೆ ಕ್ಯಾಶಿಗೂ ಜನ ಬೇಡ. ನಮ್ಮಲ್ಲಿ ಊಟದ ಹೊತ್ತಿಗೆ ಒಬ್ಬರೇ ಬಂದವರನ್ನು ಎಲ್ಲಿ ಕೂರಿಸುವುದು ಅಂತ ತಲೆಬಿಸಿ ಆಗುವುದು ಸತ್ಯ.

ಮುಳ್ಳೇರಿಯ ಅಕ್ಕ

ಸುಬ್ಬಣ್ಣ, ಮೂರು ಮೇಜು ಖಾಲಿ ಇದ್ದಾಗ ಎಂಥ ತಲೆಬಿಸಿ?

ಸೀತಾಂಗೋಳಿ ಸುಬ್ಬಣ್ಣ

ಅದು ತಪ್ಪು. ಅದನ್ನು ನಾನು ಸರಿ ಅನ್ನುವುದಿಲ್ಲ. ನಮ್ಮಲ್ಲಿ ಹೆಂಗಸರು ನೆಮ್ಮದಿಯಾಗಿ ಕೂರಲಿ ಅಂತಲೇ ಆ ರೂಮು ಮಾಡಿದ್ದು. ಆದರೆ ಕೇಳದೆ ಕಳಿಸಬಾರದಿತ್ತು. ಮತ್ತೆ ಅಲ್ಲಿ ಫ್ಯಾನು ಸರಿ ಇರಬೇಕಿತ್ತು, ಒಬ್ಬ ಸಪ್ಲೈಯರ್ ಆ ಕಡೆ ಕಣ್ಣಿಡಬೇಕಿತ್ತು. ಅನ್ನ ಕೇಳಲು ಕೂಗಬೇಕಾದ ಹೋಟೆಲು ಹೋಟೆಲೇ ಅಲ್ಲ.

ಅಕ್ಕಲಕೋಟ ಖಾನಾವಳಿ

ನಮ್ಮ ಸೊಲ್ಲಾಪುರ ಕಡೆ ಖಾನಾವಳಿಯಲ್ಲಿ ಒಬ್ಬರೇ ಉಣ್ಣೋದು ದಿನದ ಮಾತು. ತಿಂಗಳ ಲೆಕ್ಕ ಬರೆಸಿದವರು ಬಂದು ಕೂತು, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪಲ್ಯ ಉಂಡು ಹೋಗುತ್ತಾರೆ. ಆದರೆ ಹೌದು, ನಾ ನೋಡಿದಂಗೆ ಅಲ್ಲಿ ಗಂಡಸರೇ ಜಾಸ್ತಿ.

ಪೆರ್ಲದ ಭಟ್

ಕೋಳಿ, ಮೀನು ತಿನ್ನುವವರಿಗೆ ಸುಲಭ. ಸಸ್ಯಾಹಾರಿಗಳಿಗೂ ಯಾರಾದರೂ ಹೇಳಬೇಕಲ್ಲ, ನಾನೇ ಹೇಳುತ್ತೇನೆ.

ನಾನು ಹೋದದ್ದು ಮೂರು ವಾರಕ್ಕೆ. ಮೊದಲ ಮೂರು ದಿನ ಆಫೀಸಿನ ಹತ್ತಿರ ಒಂದು ಸಣ್ಣ ಅಂಗಡಿಯಲ್ಲಿ ಝಾರು ಸೋಬಾ ತಿಂದೆ. ತಣ್ಣಗಿನ ಹುರುಳಿ ಬಣ್ಣದ ನೂಡಲ್ಸ್, ಅದ್ದಿಕೊಳ್ಳಲು ಕಪ್ಪು ಸಾರು. ಮಾಂಸ ಕಾಣಲಿಲ್ಲ, ಸೋಯಾ ಸಾಸ್ ಅಂದುಕೊಂಡೆ. ನಾಲ್ಕನೇ ದಿನ ಜೊತೆಗೆ ಬಂದ ಜಪಾನಿ ಸಹೋದ್ಯೋಗಿ ನೋಡಿ ಗಾಬರಿಯಾದ. ಆ ಸಾರಿನಲ್ಲಿ ಕತ್ಸುಒಬುಶಿ ಇದೆ, ಒಣಗಿಸಿದ ಮೀನು ಅಂದ. ನನಗೆ ಬೇಜಾರಾಯಿತು, ಆದರೆ ಅವನಿಗೆ ನನಗಿಂತ ಜಾಸ್ತಿ ಬೇಜಾರಾಯಿತು. ಅಂದೇ ಕೂತು ಒಂದು ಕಾರ್ಡಿನಲ್ಲಿ ಜಪಾನಿಯಲ್ಲಿ ಬರೆದು ಕೊಟ್ಟ: ಮಾಂಸ, ಮೀನು, ಮೀನಿನ ದಾಶಿ ತಿನ್ನುವುದಿಲ್ಲ. "ದಾಶಿ" ಅನ್ನುವ ಆ ಕೊನೆಯ ಶಬ್ದ ಮುಖ್ಯ, ಅಂದರೆ ಅಡುಗೆಗೆ ಬೇಯಿಸಿ ತೆಗೆದ ರಸ. ಮೀನು ಬೇಡ ಅಂದರೆ ಮೀನಿನ ತುಂಡು ಹಾಕುವುದಿಲ್ಲ, ಸಾರು ಅದೇ ಇರುತ್ತದೆ. ಮಿಸೊ ಸಾರು, ಉದೊನ್ ಸಾರು, ಟೆಂಪುರಾಕ್ಕೆ (ನಮ್ಮ ಬಜ್ಜಿಯ ಹಾಗಿನದ್ದು) ಕೊಡುವ ಸಾರು, ಎಲ್ಲದರಲ್ಲೂ ಅದೇ. ಟೆಂಪುರಾ ತರಕಾರಿಯದ್ದು ತೆಗೆದುಕೊಂಡರೆ ಉಪ್ಪು ಕೇಳಿ ಅದ್ದಿಕೊಳ್ಳಬಹುದು.

ಕೊಂಬು ಅನ್ನುವ ಸಮುದ್ರದ ಪಾಚಿಯಿಂದಲೂ ದಾಶಿ ಮಾಡುತ್ತಾರೆ, ಅದು ನಮಗೆ ಆಗುತ್ತದೆ. 1908ರಲ್ಲಿ ಇಕೆದಾ ಅನ್ನುವ ಪ್ರೊಫೆಸರ್ ಆ ಕೊಂಬುವಿನಿಂದಲೇ ಉಮಾಮಿ ರುಚಿ ಕಂಡುಹಿಡಿದದ್ದು. ಬೌದ್ಧ ದೇವಸ್ಥಾನಗಳ ಶೋಜಿನ್ ಅನ್ನುವ ಸಸ್ಯಾಹಾರಿ ಅಡುಗೆಯಲ್ಲಿ ಅದನ್ನೇ ಬಳಸುತ್ತಾರೆ. ಆದರೆ ಅದು ದಿನಾ ತಿನ್ನುವ ಅಗ್ಗದ ಊಟ ಅಲ್ಲ.

ದಿನಕ್ಕೆ ಆಗುವುದು: ಟೋಕಿಯೊ ಸ್ಟೇಷನ್ ಒಳಗೆ ಟೀಸ್ ತಂತಾನ್ ಅಂತ ಪೂರ್ತಿ ಸಸ್ಯದ ರಾಮೆನ್ ಅಂಗಡಿ. ಎಳ್ಳಿನ ಸಾರು, ಖಾರ ಉಂಟು, ನಾನು ಐದು ಸಲ ಹೋದೆ. ಕೊಕೊ ಇಚಿಬಾನ್‌ಯಾ ಕರಿ ಅಂಗಡಿಯಲ್ಲಿ ಪ್ರಾಣಿಯ ಅಂಶ ಇಲ್ಲದ ವೆಜಿಟೇರಿಯನ್ ಕರಿ ಅಂತ ಬೇರೆ ಸಿಗುತ್ತದೆ. ಸುಶಿ ಅಂಗಡಿಯಲ್ಲಿ ಕಪ್ಪಾಮಾಕಿ, ಒಳಗೆ ಸೌತೆಕಾಯಿ.

ವಿದ್ಯಾನಗರದ ಹುಡುಗ

ಇನಾರಿ ಸುಶಿಯೂ ಆಗುತ್ತದೆ ಅಣ್ಣ. ತೋಫು ಚೀಲದ ಒಳಗೆ ಅನ್ನ.

ಪೆರ್ಲದ ಭಟ್

ಆ ತೋಫುವನ್ನು ಬೇಯಿಸುವುದೂ ಹೆಚ್ಚಾಗಿ ಮೀನಿನ ದಾಶಿಯಲ್ಲೇ. ಅದೇ ನಾನು ಹೇಳುತ್ತಿರುವುದು, ಕಣ್ಣಿಗೆ ಕಾಣುವುದಿಲ್ಲ.

ಹೊಸಂಗಡಿ ರೈಡರ್

ಪರದೇಶಕ್ಕೆ ಹೋದ ಮೇಲೆ ಸಾರಿನಲ್ಲಿ ಚೂರು ಮೀನಿದ್ದರೆ ಎಂತ ಆಗುತ್ತದೆ? ಇಷ್ಟು ನೋಡಿದರೆ ಬದುಕಲಿಕ್ಕೆ ಆಗುವುದಿಲ್ಲ.

ಉಪ್ಪಳದ ಇಕ್ಕ

ಹಾಗೆ ಹೇಳಬಾರದು. ಅವರವರ ಊಟ ಅವರವರಿಗೆ. ನನಗೂ ಅದೇ ಕಷ್ಟ ಆಗಿತ್ತು, ಬೇರೆ ರೀತಿ. ಹಂದಿ ಇಲ್ಲ ಅಂದುಕೊಂಡು ಕೋಳಿ ತೆಗೆದುಕೊಂಡರೆ ಸಾಸಿನಲ್ಲಿ ಮಿರಿನ್ ಇರುತ್ತದೆ, ಅಕ್ಕಿಯ ಮದ್ಯ. ಭಟ್ರ ಹಾಗೆ ನಾನೂ ಕಾರ್ಡ್ ಇಟ್ಟುಕೊಂಡೆ. ಅಸಾಕುಸದಲ್ಲಿ ಹಲಾಲ್ ರಾಮೆನ್ ತಿಂದೆ, ಕೋಳಿ ಸಾರು, ಬಹಳ ಒಳ್ಳೆಯದಿತ್ತು. ಶುಕ್ರವಾರ ಯೊಯೊಗಿ-ಉಎಹಾರಾದ ದೊಡ್ಡ ಮಸೀದಿಗೆ ಹೋಗುತ್ತಿದ್ದೆ, ಅಲ್ಲಿ ಹಲಾಲ್ ಸಾಮಾನಿನ ಅಂಗಡಿಯೂ ಉಂಟು.

ಮತ್ತೆ ಆ ಕತ್ಸುಒಬುಶಿ ನೋಡಿದಾಗ ನನಗೆ ನಮ್ಮ ಮಾಸ್ ನೆನಪಾಯಿತು. ಲಕ್ಷದ್ವೀಪದಿಂದ ಬರುತ್ತದಲ್ಲ, ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಒಣಗಿಸಿ ಕಟ್ಟಿಗೆ ತುಂಡಿನ ಹಾಗೆ ಮಾಡಿದ ಮೀನು. ಅದೇ ಜಾತಿಯ ಮೀನು, ಹೆಚ್ಚುಕಡಿಮೆ ಅದೇ ಕೆಲಸ. ಅವರು ತೆಳ್ಳಗೆ ಹೆರೆದು ಸಾರು ತೆಗೆಯುತ್ತಾರೆ, ನಾವು ಕುಟ್ಟಿ ತೆಂಗಿನಕಾಯಿ ಹಾಕುತ್ತೇವೆ.

ಹೊಸಂಗಡಿ ರೈಡರ್

ಸರಿ ಇಕ್ಕ, ತಪ್ಪಾಯಿತು. ಭಟ್ರೇ ಬೇಜಾರು ಮಾಡಬೇಡಿ.

ಪೆರ್ಲದ ಭಟ್

ಬೇಜಾರಿಲ್ಲ. ಹೇಳದಿದ್ದರೆ ಗೊತ್ತಾಗುವುದು ಹೇಗೆ?

ಎಡನೀರು ಎಂಬಿಎ

ಕೊಕೊ ಇಚಿಬಾನ್‌ಯಾ ಬಗ್ಗೆ ಒಂದು ಮಾತು. ಒಬ್ಬರೇ ತಿನ್ನುವವರಿಗೆ ಅದು ಯಾಕೆ ಒಳ್ಳೆಯದು ಅಂದರೆ, ಅನ್ನ ಎಷ್ಟು ಗ್ರಾಂ, ಖಾರ ಎಷ್ಟು, ಮೇಲೆ ಏನು, ಎಲ್ಲ ನಮ್ಮ ಲೆಕ್ಕಕ್ಕೆ. ಮನೆಯಲ್ಲಿ ಅಮ್ಮ ಬಡಿಸಿದ ಹಾಗೆ ಅಳತೆ ನಮ್ಮದು. 1978ರಲ್ಲಿ ನಗೊಯಾ ಹತ್ತಿರ ಶುರುವಾದದ್ದು, 2020ರಲ್ಲಿ ಗುರುಗ್ರಾಮಕ್ಕೂ ಬಂತು. ಖಾರದಲ್ಲಿ 5 ತಿಂದವರು ಮಾತ್ರ 6ಕ್ಕೆ ಹೋಗಿ ಅಂತ ಮೆನುವಿನಲ್ಲೇ ಬರೆದಿರುತ್ತಾರೆ. ನಮ್ಮವರಿಗೆ 3 ಸಾಕು, ಮಸಾಲೆ ಬೇರೆ ತರ, ಸ್ವಲ್ಪ ಸಿಹಿ.

ನೀರ್ಚಾಲು ಮಾಸ್ಟ್ರು

ಕರಿಗೆ ಜಿಂಬೊಚೊ ಒಳ್ಳೆಯದು ಅಂತಾರೆ. ಹಳೆ ಪುಸ್ತಕದ ಅಂಗಡಿಗಳ ಬೀದಿ. ಅಲ್ಲೇ ಯಾಕೆ ಅಷ್ಟು ಕರಿ ಹೋಟೆಲು ಅಂತ ಕೇಳಿದರೆ, ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಪುಸ್ತಕ ಹಿಡಿಯಬಹುದು ಅನ್ನುತ್ತಾರಂತೆ. ಒಬ್ಬರೇ ಊಟಕ್ಕೆ ಕೂತಾಗ ಪುಸ್ತಕಕ್ಕಿಂತ ಒಳ್ಳೆಯ ಜೊತೆ ಇಲ್ಲ.

ಈಗ ಪರದೆಯ ವಿಷಯ. ನಾನು ಎಲ್ಲವನ್ನೂ ಓದಿದೆ. ನಮ್ಮಲ್ಲಿ ಕೌಂಟರ್ ಇಲ್ಲ ಅಂತ ಎಲ್ಲರೂ ಅಂದುಕೊಂಡ ಹಾಗಿದೆ. ಉಂಟು. ಮಧೂರಿನಲ್ಲಿ ಮೂಡಪ್ಪ ಸೇವೆಯ ಸಮಯ ಪಂಕ್ತಿಯಲ್ಲಿ ಕೂತದ್ದು ನೆನಪು ಮಾಡಿಕೊಳ್ಳಿ. ಪಕ್ಕದಲ್ಲಿ ಕೂತವರು ಯಾರು ಅಂತ ಗೊತ್ತಿಲ್ಲ. ಎಲ್ಲರೂ ಮುಂದೆ ನೋಡಿ ಕೂತಿರುತ್ತಾರೆ. ನಮ್ಮ ಎಲೆ ನಮಗೆ. ಬಡಿಸುವವರು ಎದುರಿನಿಂದ ಬರುತ್ತಾರೆ. ಒಬ್ಬರೇ ಬಂದಿದ್ದೀರಾ ಅಂತ ಯಾರೂ ಕೇಳುವುದಿಲ್ಲ, ಒಬ್ಬರು ಬಂದರೂ ಹತ್ತು ಜನ ಬಂದರೂ ಒಂದೇ ಸಾಲು. ಕೌಂಟರ್ ಅಂದರೆ ಅದೇ ಅಲ್ವಾ? ದೇವಸ್ಥಾನದಲ್ಲಿ ಆಗುವುದು ಹೋಟೆಲಿನಲ್ಲಿ ಯಾಕೆ ಆಗಬಾರದು?

ಮುಳ್ಳೇರಿಯ ಅಕ್ಕ

ಮಾಸ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ಪಂಕ್ತಿಯಲ್ಲಿ ಒಬ್ಬಳೇ ಕೂತು ಎಷ್ಟು ಸಲ ಉಂಡಿದ್ದೇನೆ, ಒಂದು ದಿನವೂ ಒಬ್ಬಳೇ ಅನಿಸಿಲ್ಲ.

ಸೀತಾಂಗೋಳಿ ಸುಬ್ಬಣ್ಣ

ಗೋಡೆಗೆ ತಾಗಿಸಿ ಒಂದು ಉದ್ದ ಹಲಗೆ, ಆರು ಸ್ಟೂಲು. ಖರ್ಚು ದೊಡ್ಡದಲ್ಲ. ಮಗನಿಗೆ ಹೇಳುತ್ತೇನೆ, ಈಗ ಹೋಟೆಲು ಅವನದ್ದು.

ಎಡನೀರು ಎಂಬಿಎ

ಗೋಡೆಗೆ ಮುಖ ಮಾಡಿ ಕೂರಿಸಬೇಡಿ, ಶಿಕ್ಷೆ ಕೊಟ್ಟ ಹಾಗಾಗುತ್ತದೆ. ರಸ್ತೆಯ ಕಡೆ ಮಾಡಿ.

ಸೀತಾಂಗೋಳಿ ಸುಬ್ಬಣ್ಣ

ರಸ್ತೆಯ ಕಡೆ ಧೂಳು. ಅಡುಗೆಮನೆಯ ಕಡೆ ಮಾಡುವುದು ಸರಿ. ದೋಸೆ ಕಲ್ಲು ಕಾಣಲಿ.

ಕುಂಬಳೆ ಟು ಕವಾಸಾಕಿ

ಒಂದು ತಿದ್ದುಪಡಿ. ಜಪಾನಿನಲ್ಲಿ ಮೊದಲಿಂದಲೂ ಎಲ್ಲರಿಗೂ ಸುಲಭ ಇತ್ತು ಅಂತಲ್ಲ. ಒಬ್ಬರೇ ತಿನ್ನುವುದನ್ನು ಯಾರಾದರೂ ನೋಡುತ್ತಾರೆ ಅಂತ ಕಾಲೇಜು ಮಕ್ಕಳು ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿ ಬುತ್ತಿ ತಿನ್ನುವುದಕ್ಕೆ ಅಲ್ಲಿ ಒಂದು ಹೆಸರೇ ಉಂಟು, "ಬೆಂಜೊ ಮೆಶಿ". ಕ್ಯೋಟೊ ಯೂನಿವರ್ಸಿಟಿಯ ಕ್ಯಾಂಟೀನಿನಲ್ಲಿ ಒಂಟಿಯಾಗಿ ಕೂರುವವರಿಗೆ ಮೇಜಿನ ಮಧ್ಯೆ ಅಡ್ಡ ಹಾಕಿಕೊಟ್ಟರು. ಹೆಂಗಸರು ಗ್ಯೂದೊನ್ ಅಂಗಡಿಗೆ ಒಬ್ಬರೇ ಹೋಗಲು ಹಿಂಜರಿಯುತ್ತಿದ್ದರು ಅಂತ ನನ್ನ ಅಲ್ಲಿನ ಟೀಮಿನ ಹಿರಿಯ ಅಕ್ಕ ಹೇಳುತ್ತಿದ್ದರು. ನಿಧಾನ ಬದಲಾದದ್ದು. 2020ರ ಜನಗಣತಿಯಲ್ಲಿ ಅಲ್ಲಿನ 100 ಮನೆಯಲ್ಲಿ 38 ಒಬ್ಬರೇ ಇರುವ ಮನೆ. ಅಂಗಡಿಯವರು ಅವರನ್ನು ಬಿಟ್ಟು ವ್ಯಾಪಾರ ಮಾಡಲು ಆಗುವುದಿಲ್ಲ.

ಅಡೂರು ಸೀಮೆ

ಚಿತ್ರ ನೋಡಿ ಆರ್ಡರ್ ಮಾಡಬಹುದು ಅಂದಿರಲ್ಲ, ನನಗೆ ಅದು ಮನಸ್ಸಿಗೆ ತಾಗಿತು. ನಮ್ಮ ಅಜ್ಜಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ, ಮಲಯಾಳ ಬರುವುದಿಲ್ಲ. ಜಿಲ್ಲಾ ಕೇಂದ್ರಕ್ಕೆ ಹೋದರೆ ಹೋಟೆಲಿನ ಬೋರ್ಡು, ಬಸ್ಸಿನ ಬೋರ್ಡು ಓದಲು ಇನ್ನೊಬ್ಬರನ್ನು ಕೇಳಬೇಕು. ಹುಟ್ಟಿದ ಊರಲ್ಲೇ. ಜಪಾನಿನಲ್ಲಿ ಅಂಗಡಿಯ ಮುಂದೆ ಪ್ಲಾಸ್ಟಿಕ್ ಊಟ ಮಾಡಿ ಇಟ್ಟಿರುತ್ತಾರಂತೆ, ಬೆರಳು ತೋರಿಸಿದರೆ ಸಾಕಂತೆ.

ಕುಂಬಳೆ ಟು ಕವಾಸಾಕಿ

ಹೌದು, ಮೇಣದಲ್ಲಿ ಶುರುವಾದದ್ದು, ಈಗ ಪ್ಲಾಸ್ಟಿಕ್. ನಿಜದ ಊಟ ಅದೇ ಹಾಗೆ ಬರುತ್ತದೆ.

ಹೊಸಂಗಡಿ ರೈಡರ್

ಬೋರ್ಡಿನ ವಿಷಯ ಶುರು ಮಾಡಿದರೆ ಇವತ್ತು ಮುಗಿಯುವುದಿಲ್ಲ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ.

ಮುಳ್ಳೇರಿಯ ಅಕ್ಕ

ಹುಡುಗೀ, ಇನ್ನೆರಡು ಮಾತು. ಬೆಲ್ಟಿನಲ್ಲಿ ತಿರುಗುವ ಸುಶಿ ಅಂಗಡಿಗೆ ಒಬ್ಬಳೇ ಹೋಗು, ಚೆನ್ನಾಗಿರುತ್ತದೆ. 1958ರಲ್ಲಿ ಒಸಾಕಾ ಕಡೆಯ ಶಿರಾಇಶಿ ಅನ್ನುವವರು ಬಿಯರ್ ಫ್ಯಾಕ್ಟರಿಯ ಬೆಲ್ಟ್ ನೋಡಿ ಮಾಡಿದ್ದಂತೆ. 2023ರಲ್ಲಿ ಯಾರೋ ಹುಡುಗರು ತಟ್ಟೆಗಳಿಗೆ ಎಂಜಲು ಮಾಡಿ ವಿಡಿಯೊ ಹಾಕಿ ಗಲಾಟೆ ಆದ ಮೇಲೆ, ಬಹಳ ಕಡೆ ಆರ್ಡರ್ ಮಾಡಿದ್ದು ಮಾತ್ರ ಬರುತ್ತದೆ. ಮೇಜಿನಲ್ಲಿ ಒಂದು ನಲ್ಲಿ ಇರುತ್ತದೆ. ಅದು ಚಹಾಕ್ಕೆ ಕುದಿಯುವ ನೀರು. ಕೈ ತೊಳೆಯಲು ಹೋಗಬೇಡ, ಸುಟ್ಟೀತು.

ಇಝಕಾಯಾ ಅಂದರೆ ಕುಡಿಯುವ ಜಾಗ, ಆದರೆ ತಿಂಡಿ ಬಹಳ ಒಳ್ಳೆಯದು. ಕೂತ ಕೂಡಲೇ ಕೇಳದೆ ಒಂದು ಸಣ್ಣ ಬಟ್ಟಲು ಇಡುತ್ತಾರೆ, "ಓತೊಶಿ". ಅದಕ್ಕೆ ಬಿಲ್ಲು ಬರುತ್ತದೆ, ಕೂತದ್ದರ ಲೆಕ್ಕ ಅದು. ಮೋಸ ಅಂತ ಜಗಳ ಮಾಡಬೇಡ. ಟಿಪ್ಸ್ ಎಲ್ಲೂ ಇಲ್ಲ. ಚಾಪ್‌ಸ್ಟಿಕ್ ಅನ್ನದಲ್ಲಿ ನೆಟ್ಟು ಇಡಬೇಡ, ಅದು ಸತ್ತವರಿಗೆ ಇಡುವ ರೀತಿ. ಮಧ್ಯಾಹ್ನ 12ರಿಂದ 1ರ ಒಳಗೆ ಕೌಂಟರಿನಲ್ಲಿ ತಿಂದು ಕೂಡಲೇ ಏಳಬೇಕು, ಹಿಂದೆ ಜನ ನಿಂತಿರುತ್ತಾರೆ.

ಜ್ವರ ಬಂದರೆ "ಓಕಾಯು" ಅಂತ ಕೇಳು. ಗಂಜಿ! ಜೊತೆಗೆ ಉಮೆಬೊಶಿ, ಹುಳಿ ಉಪ್ಪು ಹಾಕಿದ ಕಾಯಿ. ನಮ್ಮ ಗಂಜಿ ಉಪ್ಪಿನಕಾಯಿ ನೆನಪಾಗಿ ನನಗೆ ಕಣ್ಣಲ್ಲಿ ನೀರು ಬಂದಿತ್ತು. 

ಬದಿಯಡ್ಕದವಳು

ಬಂದು ಐದು ವಾರ ಆಯಿತು. ಬರೆಯಲು ತಡವಾಯಿತು, ಕ್ಷಮಿಸಿ.

ಮೊದಲ ವಾರ ಯಾಯೊಯಿಕೆನ್‌ಗೇ ಹೋದೆ, ಕುಂಬಳೆ ಅಣ್ಣ ಹೇಳಿದ ಹಾಗೆ. ಸಾಬಾ ತಿಂದೆ. ಮೆಣಸಿಲ್ಲದೆ ಚೆನ್ನಾಗಿತ್ತು, ಕಡಲಕರೆಯವರು ಕೇಳಿಸಿಕೊಳ್ಳಿ. ಮಾಸ್ಟ್ರೇ, ಮುರುಗಿ ಲಂಚ್ ತಿಂದೆ, ಎಲ್ಲ ಕಲಸಿ.

ಆದರೆ ಹೇಳಬೇಕಾದದ್ದು ಬೇರೆ. ನನ್ನ ಕೋಣೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಅಂಗಡಿ ಉಂಟು. ಗಂಡ ಹೆಂಡತಿ ಇಬ್ಬರೇ, ವಯಸ್ಸಾದವರು. ಏಳು ಸ್ಟೂಲು. ಬಾಗಿಲು ಮುಚ್ಚಿರುತ್ತದೆ, ಬಟ್ಟೆಯ ತೋರಣ ನೇತು ಹಾಕಿದ್ದರೆ ತೆರೆದಿದೆ ಅಂತ ಅರ್ಥ. ಎರಡು ವಾರ ಅದರ ಮುಂದೆ ನಡೆದು ಹೋದೆ. ಮೂರನೇ ವಾರ ಒಂದು ಮಂಗಳವಾರ ಮಳೆ ಬಂತು, ಬಾಗಿಲು ಸರಿಸಿ ಒಂದು ಬೆರಳು ತೋರಿಸಿದೆ. ಅಜ್ಜಿ ಮಧ್ಯದ ಸ್ಟೂಲು ತೋರಿಸಿದರು. ಮೂಲೆಯದ್ದಲ್ಲ, ಮಧ್ಯದ್ದು. ಎದುರಲ್ಲೇ ಒಲೆ.

ಪಕ್ಕದಲ್ಲಿ ಒಬ್ಬರು ಪೇಪರ್ ಓದುತ್ತಾ ತಿನ್ನುತ್ತಿದ್ದರು. ಅಮ್ಮ ಆಮೇಲೆ ಫೋನಿನಲ್ಲಿ ಕೇಳಿದರು, ಹತ್ತಿರ ಕೂತದ್ದು ಯಾರು ಅಂತ. ಗೊತ್ತಿಲ್ಲ ಅಮ್ಮ ಅಂದೆ. ಗೊತ್ತಿಲ್ಲದವರ ಪಕ್ಕ ಕೂತು ಹೊಟ್ಟೆ ತುಂಬ ಉಂಡೆ, ಅನ್ನ ಎರಡನೇ ಸಲವೂ ಕೇಳಿದೆ. ಕೂಗಬೇಕಾಗಲಿಲ್ಲ. ಬಟ್ಟಲು ಸ್ವಲ್ಪ ಎತ್ತಿದೆ, ಅಜ್ಜಿ ಕೈ ಚಾಚಿದರು.

ಈಗ ವಾರಕ್ಕೆ ಎರಡು ಸಲ ಹೋಗುತ್ತೇನೆ. ಮೊನ್ನೆ ಸಾನ್ಮಾ ಇತ್ತು, ಉದ್ದದ ಮೀನು, ಶರತ್ಕಾಲಕ್ಕೆ ಬರುವಂಥದ್ದು. ಈಗ ಮೊದಲಿನ ಹಾಗೆ ಸಿಗುವುದಿಲ್ಲವಂತೆ, ರೇಟು ಜಾಸ್ತಿ. ಉಪ್ಪು ಹಾಕಿ ಸುಟ್ಟು, ಪಕ್ಕದಲ್ಲಿ ತುರಿದ ಮೂಲಂಗಿ. ಚಾಪ್‌ಸ್ಟಿಕ್ಕಿನಲ್ಲಿ ನಿಧಾನ ಬಿಡಿಸಿ ತಿಂದೆ. ತಟ್ಟೆ ತೆಗೆಯಲು ಬಂದ ಅಜ್ಜಿ ನೋಡಿ ನಿಂತರು, ಗಂಡನನ್ನು ಕರೆದು ತೋರಿಸಿದರು. "ಕಿರೇಯ್" ಅಂದರು. ಚೊಕ್ಕ, ಚಂದ ಅಂತ ಅರ್ಥ. ತಟ್ಟೆಯಲ್ಲಿ ಬೆನ್ನುಮುಳ್ಳು ಮಾತ್ರ ಇತ್ತು.

ಮುಳ್ಳೇರಿಯ ಅಕ್ಕ

ಓದಿ ಬಹಳ ಸಂತೋಷ ಆಯಿತು ಮಗಾ.

ಸೀತಾಂಗೋಳಿ ಸುಬ್ಬಣ್ಣ

ಹಲಗೆ ಹಾಕಿಸಿ ಆಯಿತು. ಅಡುಗೆಮನೆಯ ಕಡೆ. ಆರಲ್ಲ, ಐದು ಸ್ಟೂಲು ಹಿಡಿಯಿತು. ಊರಿಗೆ ಬಂದಾಗ ಬಾ.

ಕಡಲಕರೆ ಮಂಜೇಶ್ವರ

ಬೆನ್ನುಮುಳ್ಳು ಮಾತ್ರವಾ? ತಲೆ?

ಬದಿಯಡ್ಕದವಳು

ತಲೆಯೂ ತಿಂದೆ. ಗರಿಗರಿ ಇತ್ತು.